ಹಾಸನದಲ್ಲಿ ಸಬ್ಲಿಮೇಶನ್ ಶುರು ಮಾಡ್ಬೇಕು, ಯಾವ ಪ್ರಿಂಟರ್ ತಗೊಳ್ಳೋದು?

ಜೆರಾಕ್ಸ್ ಅಂಗಡಿ, ಹಾಸನ

ಎಲ್ರಿಗೂ ನಮಸ್ಕಾರ. ನಮ್ದು ಹಾಸನದಲ್ಲಿ ಒಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ, ನಾನು ನನ್ ತಮ್ಮ ಇಬ್ರೇ ನೋಡ್ಕೊಳ್ಳೋದು. ಈಗ ಎಲ್ಲಾ ಮೊಬೈಲಲ್ಲೇ ಮುಗ್ದೋಗತ್ತೆ, ಬರೀ ಜೆರಾಕ್ಸ್ ನಂಬ್ಕೊಂಡ್ರೆ ಬಾಡಿಗೆ ಕಟ್ಟೋದೇ ಕಷ್ಟ. ಆದ್ರೆ ಅಂಗಡಿಗೆ ಬರೋರು ಫೋಟೋ ಮಗ್ ಮಾಡ್ಕೊಡ್ತೀರಾ, ನಮ್ ಟೀಮಿಗೆ ಟೀ ಶರ್ಟ್ ಮಾಡ್ಕೊಡ್ತೀರಾ ಅಂತ ಕೇಳ್ತಾನೇ ಇರ್ತಾರೆ, ಸದ್ಯಕ್ಕೆ ಬೆಂಗಳೂರಿಗೆ ಡಿಸೈನ್ ಕಳ್ಸಿ ಬಸ್ಸಲ್ಲಿ ಪಾರ್ಸಲ್ ತರಿಸ್ಕೊಂಡು ಕೊಡ್ತಿದೀವಿ, ಅದ್ರಲ್ಲಿ ನಮ್ಗೆ ಉಳಿಯೋದು ಅಷ್ಟಕ್ಕಷ್ಟೇ.

ಅದಕ್ಕೆ ಸಬ್ಲಿಮೇಶನ್, ಅಂದ್ರೆ ಪೇಪರ್ ಮೇಲೆ ಪ್ರಿಂಟ್ ತೆಗೆದು ಬಿಸಿ ಪ್ರೆಸ್ಸಲ್ಲಿ ಒತ್ತಿ ಮಗ್, ಬಟ್ಟೆಗೆ ಬಣ್ಣ ಇಳಿಸೋ ಕೆಲ್ಸ, ನಾವೇ ಶುರು ಮಾಡಣ ಅಂತ. ಪ್ರಿಂಟರ್, ಪ್ರೆಸ್ ಎಲ್ಲಾ ಸೇರಿ 70 ಸಾವಿರದೊಳಗೆ ಆಗ್ಬೇಕು, ಕಮ್ಮಿ ಬಿದ್ರೆ ಮುದ್ರಾ ಶಿಶು ಲೋನ್ 50 ಸಾವಿರದವರೆಗೆ ಸಿಗತ್ತಲ್ಲ ಅದನ್ನ ನೋಡ್ತೀವಿ. ಒಬ್ರು ಎಪ್ಸನ್ ಎಲ್130 ಸಾಕು ಅಂತಾರೆ, ಇನ್ನೊಬ್ರು 6 ಕಲರ್ ಎಲ್8050 ತಗೊಳ್ಳಿ ಅಂತಾರೆ, ತಮ್ಮಂಗೆ ಎ3 ಸೈಜಿನ ಎಲ್18050 ಮೇಲೆ ಕಣ್ಣು. ಅಂಗಡೀಲಿ ಈಗಾಗ್ಲೇ ಒಂದು ಕ್ಯಾನನ್ ಇಂಕ್ ಟ್ಯಾಂಕ್ ಪ್ರಿಂಟರ್ ಸುಮ್ನೆ ಕೂತಿದೆ, ಅದಕ್ಕೇ ಸಬ್ಲಿಮೇಶನ್ ಇಂಕ್ ಹಾಕಿದ್ರೆ ಆಗಲ್ವಾ? ಗೊತ್ತಿರೋರು ದಯವಿಟ್ಟು ಹೇಳಿ.

ಮಗ್ ಪ್ರಿಂಟಿಂಗ್, ಚಿಕ್ಕಮಗಳೂರು

ಮೇಡಂ ಮೊದ್ಲು ಕ್ಯಾನನ್ ವಿಷ್ಯ ಹೇಳ್ಬಿಡ್ತೀನಿ, ಅದಕ್ಕೆ ಹಾಕ್ಬೇಡಿ. ಕ್ಯಾನನ್, ಎಚ್‌ಪಿ ಇಂಕ್‌ಜೆಟ್ಟಲ್ಲಿ ಹೆಡ್ ಒಳಗೆ ಇಂಕನ್ನ ಕಾಯಿಸಿ ಗುಳ್ಳೆ ಎಬ್ಬಿಸಿ ಹನಿ ಹೊರಗೆ ತಳ್ಳೋದು. ಸಬ್ಲಿಮೇಶನ್ ಇಂಕ್ ಇರೋದೇ ಬಿಸಿಗೆ ಆವಿ ಆಗೋಕೆ, ಅದು ಪ್ರೆಸ್ಸಲ್ಲಿ ಬಿಸಿ ನೋಡ್ಬೇಕೇ ಹೊರತು ಪ್ರಿಂಟರ್ ಹೆಡ್ಡಲ್ಲಿ ಅಲ್ಲ. ಎಪ್ಸನ್ ಹೆಡ್ ಕರೆಂಟ್ ಕೊಟ್ರೆ ಬಾಗೋ ಪೀಜೋ ಹೆಡ್, ಇಂಕನ್ನ ಕಾಯಿಸಲ್ಲ, ಒತ್ತಿ ಕಳಿಸುತ್ತೆ. ಸಣ್ಣ ಸಬ್ಲಿಮೇಶನ್ ಅಂಗಡಿಗಳಲ್ಲಿ ಎಲ್ಲಿ ನೋಡಿದ್ರೂ ಎಪ್ಸನ್ನೇ ಯಾಕೆ ಇರತ್ತೆ ಅಂದ್ರೆ ಇದಕ್ಕೇ.

ಇನ್ನು ಯಾವ ಮಾಡೆಲ್ ಅನ್ನೋದಕ್ಕಿಂತ ಮುಂಚೆ ನೀವು ಏನು ಮಾರ್ತೀರ ಅನ್ನೋದು ತೀರ್ಮಾನ ಆಗ್ಬೇಕು. ನಮ್ ಕಡೆ ಹೋಂಸ್ಟೇ ಜಾಸ್ತಿ, ಮುಳ್ಳಯ್ಯನಗಿರಿಗೆ ಬರೋ ಜನ ಮಗ್, ಕೀಚೈನ್, ಮ್ಯಾಗ್ನೆಟ್ ತಗೊಂಡು ಹೋಗ್ತಾರೆ, ನಿಮ್ಗೆ ಬೇಲೂರು ಹಳೇಬೀಡು ಇದೆ. ಈ ಐಟಂಗೆಲ್ಲಾ ಎ4 ಬೇಕಾದಷ್ಟಾಯ್ತು. 11 ಔನ್ಸ್ ಮಗ್ಗಿಗೆ ಡಿಸೈನ್ ಸುಮಾರು 20 ಸೆಂಟಿಮೀಟರ್ ಅಗಲ 9 ಸೆಂಟಿಮೀಟರ್ ಎತ್ತರ ಬರತ್ತೆ, ಅಂದ್ರೆ ಒಂದು ಎ4 ಹಾಳೇಲಿ ಮೂರು ಮಗ್ ಕೂರತ್ತೆ. ಫೋಟೋ ಮಗ್ ಜಾಸ್ತಿ ಅಂದ್ರೆ 6 ಕಲರ್‌ಗೇ ಹೋಗಿ, ಅದ್ರಲ್ಲಿ ಲೈಟ್ ಸಯಾನ್ ಲೈಟ್ ಮಜೆಂಟಾ ಇರೋದ್ರಿಂದ ಮುಖದ ಬಣ್ಣ ನುಣುಪಾಗಿ ಬರತ್ತೆ, 4 ಕಲರ್‌ನಲ್ಲಿ ಕೆನ್ನೆ ಹತ್ರ ಹತ್ರದಿಂದ ನೋಡಿದ್ರೆ ಚುಕ್ಕೆ ಚುಕ್ಕೆ ಕಾಣತ್ತೆ. ಮಗುವಿನ ಬರ್ತ್‌ಡೇ ಫೋಟೋ ಕೊಟ್ಟ ತಾಯಿ ಅದನ್ನ ಗಮನಿಸೇ ಗಮನಿಸ್ತಾರೆ. ಬರೀ ಲೋಗೋ, ಅಕ್ಷರ ಅಂದ್ರೆ ಎಲ್130 ಸಾಕು.

ಪ್ರಿಂಟರ್ ಸರ್ವಿಸ್, ಅರಸೀಕೆರೆ

ಮೇಲಿನ ಸರ್ ಹೇಳಿದ್ದು ಸರಿ ಇದೆ. ನಾನು ರಿಪೇರಿ ಮಾಡೋನು, ನನ್ ಕಡೆಯಿಂದ ಕೆಲವು ಮಾತು.

ಹೊಸ ಪ್ರಿಂಟರ್ ತಂದ್ರೆ ಬಾಕ್ಸಲ್ಲಿ ಬರೋ ಇಂಕ್ ತುಂಬಲೇಬೇಡಿ, ಮೊದಲ ಸಲಕ್ಕೇ ಸಬ್ಲಿಮೇಶನ್ ಇಂಕ್ ಹಾಕಿ. ಮಾಮೂಲಿ ಇಂಕ್ ಒಂದ್ಸಲ ಪೈಪಿಗೆ ಇಳಿದ್ರೆ ಪೂರ್ತಿ ಫ್ಲಶ್ ಮಾಡೋತನಕ ಬಣ್ಣ ಸರಿಯಾಗಲ್ಲ. ಬೇರೆ ಇಂಕ್ ಹಾಕಿದ್ಮೇಲೆ ವಾರಂಟಿ ಕೇಳೋಕೆ ಹೋಗ್ಬೇಡಿ, ಅದನ್ನ ಲೆಕ್ಕಕ್ಕೆ ತಗೊಂಡೇ ದುಡ್ಡು ಹಾಕಿ.

ಅಂಗಡಿಗೆ ಬರೋ ಮಷಿನ್‌ಗಳಲ್ಲಿ ಕೆಟ್ಟಿರೋದಕ್ಕಿಂತ ಸುಮ್ನೆ ಬಿಟ್ಟು ಒಣಗಿರೋವೇ ಜಾಸ್ತಿ. ಆರ್ಡರ್ ಇಲ್ಲ ಅಂತ ವಾರಗಟ್ಟಲೆ ಆಫ್ ಮಾಡಿಟ್ಟಿರ್ತಾರೆ, ಆಮೇಲೆ ನಾಝಲ್ (ಹೆಡ್ಡಲ್ಲಿ ಇಂಕ್ ಬರೋ ಸಣ್ಣ ತೂತು) ಬರ್ತಿಲ್ಲ ಅಂತ ಹೆಡ್ ಕ್ಲೀನಿಂಗ್ ಮೇಲೆ ಕ್ಲೀನಿಂಗ್ ಹೊಡೀತಾರೆ, ಆ ಇಂಕೆಲ್ಲಾ ಕೆಳಗಿರೋ ವೇಸ್ಟ್ ಇಂಕ್ ಪ್ಯಾಡಿಗೆ ಹೋಗಿ ಅದು ತುಂಬಿ ಪ್ರಿಂಟರ್ ಲಾಕ್ ಆಗತ್ತೆ. ಕೊನೆಗೆ ಹೆಡ್ಡೇ ಹೋದ್ರೆ ಆ ಖರ್ಚಲ್ಲಿ ಹೊಸ ಪ್ರಿಂಟರ್‌ನೇ ಯೋಚ್ನೆ ಮಾಡ್ಬೇಕಾಗತ್ತೆ. ಅದಕ್ಕೇ ಹೇಳೋದು, ಆರ್ಡರ್ ಇರ್ಲಿ ಬಿಡ್ಲಿ ಎರಡು ದಿನಕ್ಕೊಂದ್ಸಲ ಎಲ್ಲಾ ಬಣ್ಣ ಇರೋ ಒಂದು ಸಣ್ಣ ಪಟ್ಟಿ ಪ್ರಿಂಟ್ ತೆಗೀರಿ. ನಮ್ ಅರಸೀಕೆರೆ ಕಡೆ ಬೇಸಿಗೇಲಂತೂ ದಿನಾ ತೆಗೆದ್ರೂ ತಪ್ಪಿಲ್ಲ. ಪ್ರಿಂಟರ್ ಯುಪಿಎಸ್ ಮೇಲೆ ಇರ್ಲಿ, ಪ್ರಿಂಟ್ ಮಧ್ಯೆ ಕರೆಂಟ್ ಹೋದ್ರೆ ಹೆಡ್ ತನ್ನ ಜಾಗಕ್ಕೆ ವಾಪಸ್ ಹೋಗ್ದೆ ಮುಚ್ಚಳ ಇಲ್ದಂಗೆ ನಿಂತ್ಕೊಳತ್ತೆ, ಹಂಗೇ ರಾತ್ರಿ ಪೂರ್ತಿ ಬಿಟ್ರೆ ಮುಗೀತು.

ಸಕಲೇಶಪುರದಿಂದ

ನಾನು ಸ್ವಲ್ಪ ಬೇರೆ ಅಭಿಪ್ರಾಯದೋನು. ಇಂಕ್ ಬದಲಾಯಿಸಿ ಓಡಿಸೋ ತಲೆನೋವು ಬೇಡ ಅಂದ್ರೆ ಸಬ್ಲಿಮೇಶನ್‌ಗೇ ಅಂತ ಮಾಡಿರೋ ಎಪ್ಸನ್ ಎಫ್ ಸೀರೀಸ್ ಇದೆ, ಎಫ್130 ಅಂತ ಎ4 ಸೈಜ್, 4 ಕಲರ್, ದೊಡ್ಡದು ಬೇಕಂದ್ರೆ 24 ಇಂಚಿನ ಎಫ್530. ಇಂಕೂ ಕಂಪನೀದೇ ವಾರಂಟೀನೂ ಇರತ್ತೆ, ಬಣ್ಣ ದಿನಾ ಒಂದೇ ತರ ಬರತ್ತೆ. ಪ್ರಿಂಟರೂ ದುಬಾರಿ ಇಂಕೂ ದುಬಾರಿ ಅನ್ನೋದು ನಿಜ. ಆದ್ರೆ ಒಂದು ಕಂಪನಿ ಇಲ್ಲಾ ಸ್ಕೂಲು ಈ ವರ್ಷ ಕೊಟ್ಟ ಆರ್ಡರನ್ನೇ ಮುಂದಿನ ವರ್ಷಾನೂ ಅದೇ ಬಣ್ಣದಲ್ಲಿ ಕೇಳಿದಾಗ ಇದ್ರ ಬೆಲೆ ಗೊತ್ತಾಗತ್ತೆ.

ಇನ್ನೊಂದು ಮಳೆ ವಿಷ್ಯ, ಇದನ್ನ ಬೆಂಗಳೂರಿನೋರು ಯಾರೂ ಹೇಳಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ ಕಡೆ ಪೇಪರ್ ಸುಮ್ನೆ ಟೇಬಲ್ ಮೇಲಿಟ್ರೂ ತೇವ ಹೀರ್ಕೊಂಡು ಸುರುಳಿ ಸುತ್ಕೊಳತ್ತೆ, ಇಂಕ್ ಹರಡತ್ತೆ, ಪ್ರೆಸ್ ಮಾಡಿದ್ರೆ ಅಂಚು ಮಸುಕು. ಪೇಪರ್ ಕಟ್ಟು ಯಾವಾಗ್ಲೂ ಜಿಪ್ ಕವರ್ ಒಳಗೇ ಇರ್ಲಿ, ಅವತ್ತಿಗೆ ಬೇಕಾದಷ್ಟೇ ಹೊರಗೆ ತೆಗೀರಿ. ಟೀ ಶರ್ಟನ್ನೂ ಡಿಸೈನ್ ಇಡೋಕೆ ಮುಂಚೆ ಬರೀ ಬಟ್ಟೇನ 5-10 ಸೆಕೆಂಡ್ ಒತ್ತಿ ತೇವ ತೆಗೀರಿ, ಆಮೇಲೆ ಲಿಂಟ್ ರೋಲರ್ ಓಡಿಸಿ. ಕಣ್ಣಿಗೇ ಕಾಣದ ಒಂದು ಎಳೆ ನೂಲು ಇದ್ರೂ ಬಿಳಿ ಬಟ್ಟೆ ಮೇಲೆ ನೀಲಿ ಗೆರೆ ಬಿದ್ದಿರತ್ತೆ, ಎಷ್ಟು ಒಗೆದ್ರೂ ಹೋಗಲ್ಲ.

ಜೆರಾಕ್ಸ್ ಅಂಗಡಿ, ಹಾಸನ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಆದ್ರೆ ನಮ್ಮಲ್ಲಿ ಕೇಳೋರಲ್ಲಿ ಕ್ರಿಕೆಟ್, ಕಬಡ್ಡಿ ಟೀಮ್ ಹುಡುಗ್ರೇ ಜಾಸ್ತಿ, ಆಮೇಲೆ ನವೆಂಬರ್ 1 ಬಂತಂದ್ರೆ ರಾಜ್ಯೋತ್ಸವದ ಟೀ ಶರ್ಟ್. ಅದಕ್ಕೇ ತಮ್ಮ ಎ3 ಬೇಕು ಅಂತ ಹಟ ಹಿಡಿದಿರೋದು. ಕಾಟನ್ ಟೀ ಶರ್ಟ್ ಮೇಲೂ ಆಗತ್ತಾ? ಎಷ್ಟೋ ಜನ ಕಪ್ಪು ಕೇಳ್ತಾರೆ.

ಮಗ್ ಪ್ರಿಂಟಿಂಗ್, ಚಿಕ್ಕಮಗಳೂರು

ಕಾಟನ್ ಮೇಲೆ ಆಗಲ್ಲ ಮೇಡಂ. ಆ ಆವಿ ಹೋಗಿ ಹಿಡ್ಕೊಳ್ಳೋದು ಪಾಲಿಯೆಸ್ಟರ್‌ನ, ಇಲ್ಲಾ ಮಗ್ ಮೇಲೆ ಇರೋ ಪಾಲಿಮರ್ ಕೋಟಿಂಗ್‌ನ. ಕಾಟನ್ ಮೇಲೆ ಒತ್ತಿದ್ರೆ ಮಂಕಾಗಿ ಬರತ್ತೆ, ಎರಡು ಒಗೆತಕ್ಕೆ ಹೋಗತ್ತೆ. ಕಪ್ಪು ಬಟ್ಟೇನೂ ಆಗಲ್ಲ ಯಾಕಂದ್ರೆ ಇದ್ರಲ್ಲಿ ಬಿಳಿ ಇಂಕೇ ಇಲ್ಲ, ಬಟ್ಟೆ ಬಿಳಿ ಇದ್ರೇ ಡಿಸೈನ್ ಬಿಳಿ. ಕಾಟನ್, ಕಪ್ಪು ಆರ್ಡರ್ ಬಂದ್ರೆ ಡಿಟಿಎಫ್ ಫಿಲ್ಮನ್ನ (ಬಿಳಿ ಇಂಕೂ ಸೇರಿಸಿ ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಬಟ್ಟೆಗೆ ಒತ್ತಿ ಅಂಟಿಸೋದು) ಬೆಂಗಳೂರಲ್ಲಿ ಮೀಟರ್ ಲೆಕ್ಕದಲ್ಲಿ ಪ್ರಿಂಟ್ ಹಾಕ್ಸಿ ತರಿಸ್ಕೊಳ್ಳಿ, ಅದೇ ಹೀಟ್ ಪ್ರೆಸ್ಸಲ್ಲಿ ನೀವೇ ಒತ್ತಿ ಕೊಡ್ಬೋದು. ಡಿಟಿಎಫ್ ಮಷಿನ್ ಈಗ್ಲೇ ಬೇಡ, ಬಿಳಿ ಇಂಕ್ ಬೇಗ ತಳ ಹಿಡಿಯತ್ತೆ, ದಿನಾ ಕೆಲ್ಸ ಇರೋರಿಗೆ ಅದು.

ಜೆರ್ಸಿ ಬಗ್ಗೆ ತಮ್ಮಂಗೆ ಬಿಡಿಸಿ ಹೇಳಿ. ಟಿವೀಲಿ ಬರೋ ತರ ತೋಳು, ಬದಿ ಎಲ್ಲಾ ಡಿಸೈನ್ ಇರೋ ಜೆರ್ಸಿ ಎ3ಯಲ್ಲೂ ಬರಲ್ಲ. ಅದಕ್ಕೆ ರೋಲ್ ಪ್ರಿಂಟರಲ್ಲಿ ಪ್ರಿಂಟ್ ತೆಗೆದು, ಬಟ್ಟೆ ತುಂಡುಗಳಿಗೆ ದೊಡ್ಡ ಪ್ರೆಸ್ಸಲ್ಲಿ ಹಾಕಿ, ಆಮೇಲೆ ಹೊಲೀತಾರೆ. ಎ3ಯಲ್ಲಿ ನೀವು ಮಾಡೋದು ಎದೆ ಮೇಲೆ ಟೀಮ್ ಲೋಗೋ, ಬೆನ್ನಿಗೆ ಹೆಸರು ನಂಬರ್, ಅಷ್ಟೇ. ಲೋಗೋ ಎ4ರಲ್ಲೇ ಆಗತ್ತೆ, ಬೆನ್ನಿಂದು ಹೆಸರು ಒಂದು ಹಾಳೆ ನಂಬರ್ ಒಂದು ಹಾಳೆ ಅಂತ ಮಾಡ್ಬೋದು.

ಇನ್ನೊಂದು ವಿಷ್ಯ ಅಂಗಡಿಯೋರು ಹೇಳಲ್ಲ. ಎಲ್ರೂ ತಗೊಳ್ಳೋ 15 ಇಂಚು 15 ಇಂಚಿನ ಪ್ರೆಸ್ ಅಂದ್ರೆ 38 ಸೆಂಟಿಮೀಟರ್, ಎ3 ಹಾಳೆ ಉದ್ದ 42 ಸೆಂಟಿಮೀಟರ್. ಅಂದ್ರೆ ಎ3 ಪ್ರಿಂಟರ್ ತಂದ್ರೆ 16 ಇಂಚು 24 ಇಂಚಿನ ಪ್ರೆಸ್ಸೂ ತರ್ಬೇಕು, ನಿಮ್ 70 ಸಾವಿರ ಅಲ್ಲಿಗೆ ಸಾಕಾಗಲ್ಲ. ನಂಗನ್ಸೋದು ಎಲ್8050, 15 ಇಂಚಿನ ಪ್ರೆಸ್, ಒಂದು ಮಗ್ ಪ್ರೆಸ್. ಉಳಿದ ದುಡ್ಡಲ್ಲಿ ಒಳ್ಳೆ ಇಂಕ್, ಪೇಪರ್, ಹೀಟ್ ಟೇಪ್, ಕೋಟಿಂಗ್ ಇರೋ ಮಗ್ ತಗೊಳ್ಳಿ.

ಸಕಲೇಶಪುರದಿಂದ

ಈ ಬಜೆಟ್ಟಿಗೆ ನಂದೂ ಅದೇ ಮಾತು, ಎಫ್130 ಆಮೇಲೆ ನೋಡ್ಕೊಳ್ಳಿ. ಆದ್ರೆ ರಾಜ್ಯೋತ್ಸವದ ಟೀ ಶರ್ಟ್ ಮಾಡ್ತೀರ ಅಂದ್ರೆ ಬಾವುಟದ ಅರಿಶಿನ ಕುಂಕುಮ ಬಣ್ಣ ಸರಿ ಬರ್ಲೇಬೇಕು. ಇಂಕ್ ಕೊಡೋರ ಹತ್ರ ಆ ಇಂಕಿಂದೇ ಐಸಿಸಿ ಪ್ರೊಫೈಲ್ (ಬಣ್ಣ ಸರಿ ಬರೋ ಹಾಗೆ ಹೊಂದಿಸೋ ಫೈಲ್) ಕೇಳಿ ಇಸ್ಕೊಳ್ಳಿ, ಕೊಡಲ್ಲ ಅಂದ್ರೆ ಆ ಇಂಕೇ ಬೇಡ. ಪ್ರೊಫೈಲ್ ಇಲ್ದಿದ್ರೆ ಕೆಂಪು ಒಂದೋ ಗುಲಾಬಿ ಕಡೆ ವಾಲತ್ತೆ ಇಲ್ಲಾ ಕಿತ್ತಳೆ ಕಡೆ. ಫೋಟೋಶಾಪಲ್ಲಿ ಪ್ರೊಫೈಲ್ ಹಾಕಿದ್ಮೇಲೆ ಪ್ರಿಂಟರ್ ಡ್ರೈವರಲ್ಲಿ ಕಲರ್ ಅಡ್ಜಸ್ಟ್‌ಮೆಂಟ್ ಆಫ್ ಮಾಡಿ, ಇಲ್ಲಾಂದ್ರೆ ಎರಡೆರಡು ಸಲ ತಿದ್ದಿ ಕೆಡತ್ತೆ. ಪೇಪರ್ ಮೇಲೆ ಬಣ್ಣ ಮಂಕಾಗಿ ಕಂಡ್ರೆ ಗಾಬರಿ ಆಗ್ಬೇಡಿ, ಒತ್ತಿದ್ಮೇಲೇ ಅದು ಎದ್ದು ಕಾಣೋದು. ಟೀ ಶರ್ಟಿಗೆ 190-200 ಡಿಗ್ರಿ, 45ರಿಂದ 60 ಸೆಕೆಂಡ್‌ನಿಂದ ಶುರು ಮಾಡಿ, ಮಗ್ಗಿಗೆ 180 ಡಿಗ್ರಿ ಸುಮಾರು 3 ನಿಮಿಷ, ಕಪ್ಪು ಬಣ್ಣ ಕಂದು ಆಗ್ತಿದ್ರೆ ಬಿಸಿ ಇಲ್ಲಾ ಟೈಮ್ ಸ್ವಲ್ಪ ಕಮ್ಮಿ ಮಾಡಿ. ಪ್ರಿಂಟ್ ತೆಗೆಯೋವಾಗ ಮಿರರ್ ಹಾಕೋದು, ಅಂದ್ರೆ ಡಿಸೈನನ್ನ ಕನ್ನಡೀಲಿ ಕಾಣೋ ತರ ಉಲ್ಟಾ ಮಾಡೋದು, ಮಾತ್ರ ಮರೀಬೇಡಿ.

ಜೆರಾಕ್ಸ್ ಅಂಗಡಿ, ಹಾಸನ

ತಮ್ಮಂಗೂ ಓದಿ ಹೇಳ್ದೆ, 42 ಸೆಂಟಿಮೀಟರ್ ಲೆಕ್ಕ ಕೇಳಿ ಒಪ್ಕೊಂಡ. ಎಲ್8050 ತಗೊಳ್ತೀವಿ. ಪ್ರೆಸ್‌ನ ಅಂಗಡಿಯ ಇನ್ವರ್ಟರ್‌ಗೆ ಹಾಕ್ಬೋದಾ?

ಪ್ರಿಂಟರ್ ಸರ್ವಿಸ್, ಅರಸೀಕೆರೆ

ಬೇಡ ಅಕ್ಕ. ಆ ಪ್ರೆಸ್ ಒಂದೇ 1400ರಿಂದ 1800 ವ್ಯಾಟ್ ಎಳೆಯತ್ತೆ, ಮಾಮೂಲಿ ಇನ್ವರ್ಟರ್ ಟ್ರಿಪ್ ಆಗತ್ತೆ. ಎಲೆಕ್ಟ್ರಿಷಿಯನ್ ಕರೆಸಿ 16 ಆಂಪ್ ಪ್ಲಗ್‌ಗೆ ಬೇರೆ ಲೈನ್ ದಪ್ಪ ವೈರಲ್ಲಿ ಎಳೆಸಿ, ಅರ್ಥಿಂಗ್ ಇದ್ಯಾ ಅಂತ ಚೆಕ್ ಮಾಡಿಸಿ. ಜೆರಾಕ್ಸ್ ಮಷಿನ್ ಇರೋ ಬೋರ್ಡಿಗೇ ಹಾಕ್ಬೇಡಿ, ಎರಡೂ ಒಟ್ಟಿಗೆ ಬಿಸಿ ಆಗೋ ಟೈಮಲ್ಲಿ ಎಂಸಿಬಿ ಬೀಳತ್ತೆ.