‘ವಿನ್ನೋ’ ಎಂಬ ಕ್ರಿಯಾಪದ: ಕೀಟ್ಸನ ಗಾಳಿಯನ್ನು ಕನ್ನಡದಲ್ಲಿ ಏನೆಂದು ಕರೆಯೋಣ?

ಪ್ರಶ್ನೆ (ಉಡುಪಿಯ ಓದುಗ):
ನಮ್ಮ ಓದುಗೂಟಕ್ಕಾಗಿ ಜಾನ್ ಕೀಟ್ಸ್ 1819ರ ಸೆಪ್ಟೆಂಬರಿನಲ್ಲಿ ಬರೆದ ‘ಟು ಆಟಮ್’ ಕವಿತೆಯನ್ನು ಕನ್ನಡಿಸುತ್ತಿದ್ದೇನೆ. ಎರಡನೆಯ ಚರಣದಲ್ಲಿ ಶರತ್ಕಾಲವು ಮನುಷ್ಯರೂಪ ತಾಳಿ ಕಣಜದ ನೆಲದ ಮೇಲೆ ನಿಶ್ಚಿಂತೆಯಿಂದ ಕುಳಿತಿದೆ. ಅದರ ಕೂದಲನ್ನು ಗಾಳಿ ಮೆಲ್ಲನೆ ಎತ್ತುತ್ತಿದೆ. ಆ ಗಾಳಿಗೆ ಕವಿ ಕೊಟ್ಟ ವಿಶೇಷಣ ‘ವಿನ್ನೋಯಿಂಗ್’. ನಿಘಂಟಿನಲ್ಲಿ ‘ತೂರು, ಕೇರು’ ಎಂಬ ಅರ್ಥಗಳಿವೆ. ಆದರೆ ‘ತೂರುವ ಗಾಳಿ’ ಎಂದು ಬರೆದರೆ ಕಿಟಕಿಯ ಸಂದಿಯಲ್ಲಿ ನುಸುಳುವ ಗಾಳಿಯಂತೆ ಕೇಳಿಸುತ್ತದೆ, ಜತೆಗೆ ಪತ್ರಿಕೆಗಳ ‘ಕಲ್ಲು ತೂರಾಟ’ವೂ ನೆನಪಾಗುತ್ತದೆ. ‘ಬೀಸುವ ಗಾಳಿ’ ಎಂದರೆ ಕವಿ ಆರಿಸಿದ ಪದವೇ ಕಾಣೆಯಾಗುತ್ತದೆ. ಅಲ್ಲದೆ, ಕಣಜದ ಒಳಗೆ ಅಂಥ ಗಾಳಿ ಎಲ್ಲಿಂದ ಬಂತು?

ಉತ್ತರ 1 (ಮಂಗಳೂರಿನ ನಿವೃತ್ತ ಇಂಗ್ಲಿಷ್ ಅಧ್ಯಾಪಕ):
ಎರಡನೆಯ ಸಂಶಯ ಸುಲಭದ್ದು. ಇಂಗ್ಲೆಂಡಿನ ಹಳೆಯ ಧಾನ್ಯದ ಕೊಟ್ಟಿಗೆಗಳಲ್ಲಿ ಎದುರುಬದುರಾಗಿ ಎರಡು ದೊಡ್ಡ ಬಾಗಿಲುಗಳಿದ್ದು, ಅವುಗಳ ನಡುವಿನ ನೆಲವೇ ತೆನೆ ಬಡಿಯುವ ಜಾಗವಾಗಿತ್ತು. ಎರಡನ್ನೂ ತೆರೆದಿಟ್ಟರೆ ಒಳಗೆ ಹಾದುಹೋಗುವ ಗಾಳಿಯೇ ಹೊಟ್ಟನ್ನು ಹಾರಿಸುತ್ತಿತ್ತು.

ಇನ್ನು ಪದದ ವಿಚಾರ. ‘ವಿನ್ನೋ’ ಹಳೆಯ ಇಂಗ್ಲಿಷಿನಲ್ಲಿ ‘ವಿಂಡ್’ ಶಬ್ದದಿಂದಲೇ ಹುಟ್ಟಿದ ಕ್ರಿಯಾಪದ. ಆದ್ದರಿಂದ ಕೀಟ್ಸನ ‘ವಿನ್ನೋಯಿಂಗ್ ವಿಂಡ್’ ಎಂಬ ಎರಡು ಪದಗಳಲ್ಲಿ ಗಾಳಿ ಎರಡು ಸಲ ಬೀಸುತ್ತದೆ. ಕನ್ನಡದ ‘ತೂರು’ ಶಬ್ದದಲ್ಲಿ ಗಾಳಿ ಅಡಗಿಲ್ಲ, ಹಾಗಾಗಿಯೇ ನಾವು ‘ಗಾಳಿ ಬಂದಾಗ ತೂರಿಕೋ’ ಎಂದು ಅದನ್ನು ಬೇರೆಯಾಗಿ ಹೇಳಬೇಕಾಗುತ್ತದೆ. ಆದರೆ ಅದಕ್ಕಿಂತ ಮುಖ್ಯವಾದ ಮಾತೊಂದಿದೆ: ತೂರುವವನು ರೈತ, ಗಾಳಿ ಅವನಿಗೆ ನೆರವು ಮಾತ್ರ. ಕೀಟ್ಸ್ ರೈತನ ಕ್ರಿಯಾಪದವನ್ನು ಕಿತ್ತು ಗಾಳಿಗೆ ಕೊಟ್ಟಿದ್ದಾನೆ, ಏಕೆಂದರೆ ದುಡಿಯಬೇಕಾದ ಶರತ್ಕಾಲ ಸುಮ್ಮನೆ ಕುಳಿತಿದೆ. ಅನುವಾದದಲ್ಲಿ ಉಳಿಯಬೇಕಾದದ್ದು ಈ ಕೈಬದಲು.

ಕವಿ ಮಿಲ್ಟನ್ 1667ರ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯದ ಐದನೆಯ ಭಾಗದಲ್ಲಿ ಇದೇ ಕ್ರಿಯಾಪದವನ್ನು ದೇವದೂತ ರಾಫೇಲನ ಹಾರಾಟಕ್ಕೆ ಬಳಸಿದ್ದಾನೆ. ಅಲ್ಲಿ ಕಾಳೂ ಇಲ್ಲ, ಹೊಟ್ಟೂ ಇಲ್ಲ, ರೆಕ್ಕೆಯ ಬಡಿತ ಮಾತ್ರ. ಅಲ್ಲಿಗೆ ‘ಬೀಸು’ ಸಾಕು.

ಉತ್ತರ 2 (ಕಾರ್ಕಳದ ಕಡೆಯ ಗೃಹಿಣಿ):
ನಿಘಂಟು ಅಲ್ಪವಿರಾಮ ಹಾಕಿ ಜತೆಗಿಟ್ಟರೂ ತೂರುವುದು ಬೇರೆ, ಕೇರುವುದು ಬೇರೆ. ಕೇರುವಾಗ ಕುಳಿತು ಗೆರಸೆಯನ್ನು (ಮೊರವನ್ನು) ಕುಲುಕುತ್ತೇವೆ. ಹಗುರಾದದ್ದು ಅಂಚಿಗೆ ಸರಿದು ಹೊರಬೀಳುತ್ತದೆ, ಗಾಳಿ ಇರಲೇಬೇಕೆಂದಿಲ್ಲ. ತೂರಲು ನಿಲ್ಲಬೇಕು. ಏಣೆಲಿನ (ಮಳೆಗಾಲದ ಬೆಳೆಯ) ಭತ್ತವನ್ನು ಪಡಿಮಂಚಕ್ಕೆ, ಅಂದರೆ ತೆನೆ ಬಡಿಯುವ ಮಂಚಕ್ಕೆ, ಬಡಿದಾದ ಮೇಲೆ ನನ್ನ ಅಜ್ಜಿ ಅಂಗಳದಲ್ಲಿ ಗೆರಸೆಯನ್ನು ಹೆಗಲಿನೆತ್ತರಕ್ಕೆ ಹಿಡಿದು ನಿಧಾನವಾಗಿ ವಾಲಿಸುತ್ತಿದ್ದರು. ಗಟ್ಟಿ ಭತ್ತ ಕಾಲಬುಡಕ್ಕೆ ನೇರವಾಗಿ ಬೀಳುತ್ತಿತ್ತು, ಜೊಳ್ಳು ಮಾರುದೂರ ಹೋಗಿ ಬೀಳುತ್ತಿತ್ತು. ಗಾಳಿ ನಿಂತರೆ ಇನ್ನೊಬ್ಬರು ಚಾಪೆ ಬೀಸುತ್ತಿದ್ದರು. (ಮನೆಗೆ ಕರೆಂಟು ಬಂದ ಮೇಲೆ ಟೇಬಲ್ ಫ್ಯಾನನ್ನೇ ಅಂಗಳಕ್ಕೆ ತಂದದ್ದೂ ಉಂಟು.) ಗಾಳಿಯ ಇಳಿಮುಖಕ್ಕೆ ನಿಂತ ಮಕ್ಕಳ ತಲೆ ತುಂಬ ಧೂಳು, ಕುತ್ತಿಗೆಯಲ್ಲಿ ತುರಿಕೆ! ಆದ್ದರಿಂದ ಕೂದಲು ಮತ್ತು ತೂರುವ ಗಾಳಿ ಒಂದೇ ಸಾಲಿನಲ್ಲಿ ಬಂದದ್ದು ನನಗೆ ಬರಿಯ ಅಲಂಕಾರವೆಂದು ತೋರುವುದಿಲ್ಲ. ಆ ಗಾಳಿ ಎತ್ತುವುದು ಹಗುರಾದದ್ದನ್ನೇ.

ನಾವು ಬರಿದೆ ‘ತೂರು’ ಎನ್ನುವುದು ಕಡಿಮೆ, ‘ರಾಶಿ ತೂರು’ ಎನ್ನುತ್ತೇವೆ. ‘ರಾಶಿ’ ಮುಂದೆ ಬಂದರೆ ಕಲ್ಲೂ ಕಿಟಕಿಯೂ ತಾವಾಗಿಯೇ ದೂರವಾಗುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಸದ್ಯಕ್ಕೆ ಸಾಲನ್ನು ಹೀಗೆ ತಿದ್ದಿದ್ದೇನೆ: ‘ಕಣಜದ ನೆಲದಲ್ಲಿ ಸುಮ್ಮನೆ ಕುಳಿತ ನಿನ್ನ ಕೂದಲನ್ನು ಮೆಲ್ಲನೆತ್ತಿದೆ ರಾಶಿ ತೂರುವ ಗಾಳಿ.’ ಮೂಲದಲ್ಲಿ ಎರಡೂ ಪದಗಳ ಮೊದಲಿಗೆ ಕೇಳಿಸುವ ‘ವ’ಕಾರದ ಅನುಪ್ರಾಸ ಮಾತ್ರ ಕೈಗೆ ಸಿಗಲಿಲ್ಲ.

ಉತ್ತರ 1ರವರು:
‘ಕಣಜ’ದ ಬದಲು ‘ಕಣ’ ಎಂದು ಮಾಡಿ ನೋಡಿ. ಕಣಜ ಎಂದೊಡನೆ ನಮ್ಮವರಿಗೆ ಮುಚ್ಚಿದ ಬಾಗಿಲು ಕಾಣುತ್ತದೆ.