ಅಟ್ಟದಲ್ಲಿ ಸಿಕ್ಕ 1859ರ ಬಂದೂಕು: ಗೊತ್ತಿದ್ದವರು ಹೇಳಿ

ಗಂಗಾವತಿಯಿಂದ ಕೇಳಿದ್ದು:
ಅಜ್ಜನ ಮನೆ ಬಿಚ್ಚಿಸುವಾಗ ಅಟ್ಟದಲ್ಲಿ ಒಂದು ಉದ್ದನೆಯ ಬಂದೂಕು ಸಿಕ್ಕಿದೆ. ಬಾಯಿಯಿಂದ ಮದ್ದು ತುಂಬುವಂಥದ್ದು. ಕುದುರೆ (ಬಡಿದು ಕಿಡಿ ಹೊತ್ತಿಸುವ ಕೊಕ್ಕೆ) ಪಕ್ಕದ ತಗಡಿನ ಮೇಲೆ ಕಿರೀಟ, ‘ಟವರ್’ ಅನ್ನೋ ಅಕ್ಷರ, 1859 ಅಂತ ಇದೆ. ನಳಿಗೆಗೆ ಮೂರು ಪಟ್ಟಿ. ಇದನ್ನು ಇಟ್ಟುಕೊಂಡು, ಆ ಕಾಲದ ಇನ್ನೂ ಕೆಲವನ್ನು ಕೂಡಿಸಬೇಕು ಅಂತ ಆಸೆ. ಮೊದಲು ಪಾಲಿಶ್ ಮಾಡಿಸಲಾ?

ಬಳ್ಳಾರಿಯಿಂದ:
ತಮ್ಮಾ, ಪಾಲಿಶ್ ಆಮೇಲೆ. ಒಳಗೆ ಮದ್ದು ಇದೆಯಾ ಅಂತ ಮೊದಲು ನೋಡು. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಇಂಥದ್ದೇ ಒಂದು ಗೋಡೆಗೆ ತೂಗುಬಿದ್ದಿತ್ತು. ಹುಡುಗರಾಗಿದ್ದಾಗ ನಾವು ಕುದುರೆ ಎಳೆದು ಆಡುತ್ತಿದ್ದೆವು. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಮದ್ದು, ಗುಂಡು ಎರಡೂ ಒಳಗೇ ಇದ್ದವು. ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ. ಕರಿಮದ್ದಿಗೆ ವಯಸ್ಸಾಗುವುದಿಲ್ಲ. ಒಣಗಿದ್ದರೆ ನೂರು ವರ್ಷದ ಮೇಲೂ ಕಿಡಿ ತಾಗಿದರೆ ಸಿಡಿಯುತ್ತದೆ.

ಕುದುರೆ ಮುಟ್ಟಬೇಡ. ಬಂದೂಕನ್ನು ಮಲಗಿಸಿ, ಬಾಯಿ ಕಡೆ ಯಾರೂ ನಿಲ್ಲದ ಹಾಗೆ, ಪಕ್ಕದಿಂದ ಒಂದು ತೆಳ್ಳನೆಯ ಬಿದಿರು ಕಡ್ಡಿಯನ್ನು ಮೆಲ್ಲಗೆ ಒಳಗೆ ಬಿಡು. ಕಡ್ಡಿ ನಿಂತಾಗ ನಳಿಗೆ ಬಾಯಿಯ ಮಟ್ಟಕ್ಕೆ ಕಡ್ಡಿಗೆ ಗುರುತು ಹಾಕು. ಕಡ್ಡಿ ತೆಗೆದು ನಳಿಗೆಯ ಹೊರಗೆ ಇಟ್ಟು ನೋಡು. ಕೇಪು, ಅಂದರೆ ಕುದುರೆ ಬಡಿದಾಗ ಕಿಡಿ ಕೊಡುವ ಪುಟ್ಟ ಟೋಪಿ, ಅದನ್ನು ಕೂರಿಸುವ ಜಾಗದ ತನಕ ಬಂದರೆ ಖಾಲಿ. ಮೂರ್ನಾಲ್ಕು ಬೆರಳು ಮುಂಚೆ ನಿಂತರೆ ಒಳಗೆ ಏನೋ ಇದೆ. ಕಣಜದ ಗೂಡೂ ಇರಬಹುದು, ಆದರೆ ಮದ್ದು ಅಂತಲೇ ತಿಳಿದುಕೋ. ನೀನೇ ಕೆರೆದು ತೆಗೆಯಲು ಹೋಗಬೇಡ.

ಇನ್ನು ಕಾನೂನು. ‘ಹಳೇದು, ಲೈಸೆನ್ಸ್ ಬೇಡ’ ಅಂತ ಬಹಳ ಜನ ಹೇಳುತ್ತಾರೆ. ಅದು ಅರ್ಧ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನಲ್ಲಿ ಹಳೇ ಮಾದರಿಗೆ ವಿನಾಯಿತಿ ಇದೆ, ನಿಜ. ಆದರೆ ರಿಪೇರಿ ಮಾಡಿದರೂ ಗುಂಡು ಹಾರಿಸಲು ಬಾರದ್ದಕ್ಕೆ ಮಾತ್ರ. ತುಕ್ಕು ಹಿಡಿದು ಕೂತಿದೆ ಅಂದ ಮಾತ್ರಕ್ಕೆ ಸಾಲದು. ಅದನ್ನು ನೀನೋ ನಾನೋ ತೀರ್ಮಾನ ಮಾಡುವುದಲ್ಲ. ಪೊಲೀಸರ ಆರ್ಮರರ್ (ಆಯುಧ ನೋಡಿಕೊಳ್ಳುವವರು) ನೋಡಿ ಬರೆದುಕೊಟ್ಟ ಕಾಗದ ಕೈಯಲ್ಲಿರಲಿ. ಹಾರುವಂಥದ್ದಾದರೆ ಲೈಸೆನ್ಸ್ ಬೇಕೇ ಬೇಕು, ಅದಕ್ಕೆ ಡಿಸಿ ಆಫೀಸಿಗೆ ಅರ್ಜಿ. 2019ರ ತಿದ್ದುಪಡಿ ಬಂದ ಮೇಲೆ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಬಂದೂಕು. ಹಾಗಾಗಿ ಕೂಡಿಸುವ ಆಸೆ ಇದ್ದರೆ ಹಾರದವನ್ನೇ ಹುಡುಕಬೇಕು.

ನಿನ್ನದು ಬ್ರಿಟಿಷ್ ಸೇನೆಯ 1853ರ ಎನ್‌ಫೀಲ್ಡ್ ಬಂದೂಕಿನ ಕುಟುಂಬದ್ದು ಅನ್ನಿಸುತ್ತದೆ. ಮೂರು ಪಟ್ಟಿ, 39 ಇಂಚಿನ ನಳಿಗೆ ಅದರ ಲಕ್ಷಣ. 1857ರ ದಂಗೆಗೆ ಕಿಡಿ ಹಚ್ಚಿದ ತೋಟಾ ಇದರದ್ದೇ. ಖಾಲಿ ಅಂತ ಖಾತ್ರಿಯಾದ ಮೇಲೆ ಟಾರ್ಚ್ ಬಿಟ್ಟು ನೋಡಿಸು. ಒಳಗೆ ಸುತ್ತಿಕೊಂಡು ಹೋಗುವ ಮೂರು ಗೀರು ಇದ್ದರೆ ಅದು ರೈಫಲ್. ನುಣ್ಣಗಿದ್ದರೆ ಇನ್ನೂ ಸ್ವಾರಸ್ಯ. ದಂಗೆ ಆದ ಮೇಲೆ ಬ್ರಿಟಿಷರು ನಮ್ಮ ಸಿಪಾಯಿಗಳನ್ನು ನಂಬಲಿಲ್ಲ. ಗುರಿ ದೂರ ಮುಟ್ಟಬಾರದು ಅಂತ ಗೀರಿಲ್ಲದ ನಳಿಗೆಯನ್ನೇ ಕೊಟ್ಟರು. ಆ ಅಪನಂಬಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಬಹುದು ಅಲ್ವಾ? ನನಗೆ ಈ ಹುಚ್ಚು ಹತ್ತಿದ್ದು ಅದಕ್ಕೇ.

ಪಾಲಿಶ್ ಯಾಕೆ ಬೇಡ ಅಂದರೆ, ಎಮರಿ ಪೇಪರ್ ಹಾಕಿ ಉಜ್ಜಿದರೆ ಮೊದಲು ಅಳಿಯುವುದೇ ಆ ಕಿರೀಟ ಮತ್ತು ಇಸವಿ. ಹುಣಸೆಹಣ್ಣು, ನಿಂಬೆಹಣ್ಣು ಮುಟ್ಟಿಸಲೇಬೇಡ. ನಮ್ಮ ಕಡೆ ಇನ್ನೊಂದಿದೆ. ವರ್ಷಾ ವರ್ಷಾ ಆಯುಧ ಪೂಜೆಗೆ ಹಚ್ಚಿದ ಅರಿಶಿನ ಕುಂಕುಮ ಎಣ್ಣೆಯ ಜೊತೆ ಸೇರಿ ಸ್ಕ್ರೂ ತಲೆಯ ಗೀರಿನಲ್ಲಿ ಕಲ್ಲಾಗಿರುತ್ತದೆ. ಅದರಡಿ ತೇವ ನಿಂತು ಕಬ್ಬಿಣ ತಿನ್ನುತ್ತದೆ. ಸೀಮೆಎಣ್ಣೆಯಲ್ಲಿ ಹತ್ತಿ ಅದ್ದಿ, ರಾತ್ರಿಯಿಡೀ ಅದರ ಮೇಲೆ ಬಿಟ್ಟು, ಬೆಳಿಗ್ಗೆ ಬಿದಿರಿನ ಸೀಳಿನಿಂದ ಎಬ್ಬಿಸಿದರೆ ಹಕ್ಕಳೆ ಹಕ್ಕಳೆಯಾಗಿ ಬರುತ್ತದೆ. ಕಟ್ಟಿಗೆಗೆ ಸ್ವಲ್ಪ ಅಗಸೆ ಎಣ್ಣೆ ಸಾಕು. ನಮ್ಮ ಬಿಸಿಲಿಗೆ ಕಟ್ಟಿಗೆ ಸೀಳುತ್ತದೆ, ಕಿಟಕಿ ಎದುರು ಇಡಬೇಡ.

ರಾಯಚೂರಿನಿಂದ:
ಅಣ್ಣಾರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹಳೇ ಪೆಟ್ಟಿಗೆಗಳ ಕಾಗದ ಎಸೆಯಬೇಡಿ. ನಮ್ಮದು ನಿಜಾಮರ ಸೀಮೆ ಆಗಿತ್ತು, ನಿಮ್ಮ ಕೊಪ್ಪಳ ಕಡೆಯೂ ಹಾಗೇ. ಮಾವನವರ ಟ್ರಂಕಿನಲ್ಲಿ ಉರ್ದು ಕಾಗದ ಒಂದಿತ್ತು. ಯಾವುದೋ ಜಮೀನಿನದು ಅಂದುಕೊಂಡಿದ್ದೆವು. ಓಣಿಯ ಹಿರಿಯ ಮೇಷ್ಟ್ರು ಓದಿ ಹೇಳಿದರು, ಅದು ಬಂದೂಕಿನ ಲೈಸೆನ್ಸ್. ವಾರಸುದಾರರು ಅಂತ ಅರ್ಜಿ ಹಾಕುವಾಗ ಬಹಳ ಉಪಯೋಗಕ್ಕೆ ಬಂತು. ಮುದ್ರೆ ಗುರುತಿಸಲು ಕಣ್ಣು ಪಳಗಬೇಕು ಅಂದರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಆಯುಧಗಳ ವಿಭಾಗ ನೋಡಿ. ಅರ್ಧ ದಿನ ಇಟ್ಟುಕೊಂಡು ಹೋಗಿ.

ಕೊಪ್ಪಳದಿಂದ:
ಕೊಳ್ಳುವಾಗ ಹುಷಾರು. ಇಲ್ಲಿ ಯಾವ ಬಂದೂಕು ತೋರಿಸಿದರೂ ‘ಮುಂಡರಗಿ ಭೀಮರಾಯರ ಕಾಲದ್ದು’ ಅನ್ನುತ್ತಾರೆ. 1858ರಲ್ಲಿ ಭೀಮರಾಯರು ನಮ್ಮ ಕೋಟೆಯಲ್ಲಿ ಹೋರಾಡಿ ಮಡಿದದ್ದು ನಿಜ. ಆ ಹೆಸರಿನ ಮೇಲೆ ಸುಳ್ಳು ವ್ಯಾಪಾರ ನೋಡಿದರೆ ಹೊಟ್ಟೆ ಉರಿಯುತ್ತದೆ. ನಾನೂ ಒಬ್ಬ ವ್ಯಾಪಾರಿಗೆ ಮುಂಗಡ ಕೊಟ್ಟು ಕಳೆದುಕೊಂಡೆ. ಬ್ರಿಟಿಷ್ ಸೇನೆಯ ಹಳೇ ಮಾರ್ಟಿನಿ-ಹೆನ್ರಿ ರೈಫಲ್ ಅಂದ. ಮನೆಗೆ ಬಂದು ಫೋಟೋ ದೊಡ್ಡದು ಮಾಡಿ ನೋಡಿದರೆ ಕಿರೀಟದಡಿ ವಿಕ್ಟೋರಿಯಾಳ ‘ವಿ.ಆರ್.’, ಇಸವಿ 1907. ರಾಣಿ ತೀರಿಕೊಂಡದ್ದೇ 1901ರಲ್ಲಿ! ‘ಎನ್’ ಅಕ್ಷರ ಕೂಡ ಉಲ್ಟಾ. ಪಾಕಿಸ್ತಾನ-ಅಫ್ಘಾನಿಸ್ತಾನ ಗಡಿಯ ಖೈಬರ್ ಕಡೆಯ ನಕಲಿಗಳಲ್ಲಿ ಇದೇ ತಪ್ಪು ಇರುತ್ತದೆ. ಇನ್ನೊಂದು, ನೂರು ವರ್ಷ ದಾಟಿದ್ದನ್ನು ಹೊರದೇಶಕ್ಕೆ ಕಳಿಸುವುದು 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಅಪರಾಧ. ‘ವಿದೇಶದಲ್ಲಿ ಒಳ್ಳೇ ರೇಟು’ ಅನ್ನುವವರನ್ನು ದೂರ ಇಡಿ.

ಗಂಗಾವತಿಯಿಂದ:
ಎಲ್ಲರಿಗೂ ಧನ್ಯವಾದ. ಅಣ್ಣ, ಕಡ್ಡಿ ಬಿಟ್ಟು ನೋಡಿದೆ. ನಾಲ್ಕು ಬೆರಳು ಮುಂಚೆ ನಿಲ್ಲುತ್ತಿದೆ. ನಾಳೆ ಬೆಳಿಗ್ಗೆ ಗೋಣಿಚೀಲದಲ್ಲಿ ಸುತ್ತಿ ಬೈಕಿನಲ್ಲಿ ಠಾಣೆಗೆ ಒಯ್ಯಲಾ?

ಬಳ್ಳಾರಿಯಿಂದ:
ಬೇಡ ತಮ್ಮಾ. ಅದನ್ನು ಅಲುಗಾಡಿಸಲೇಬೇಡ. ಲೈಸೆನ್ಸ್ ಇಲ್ಲದೆ ಒಯ್ಯುವುದೂ ತಪ್ಪಾಗುತ್ತದೆ. ಈಗಲೇ ಠಾಣೆಗೆ ಫೋನ್ ಮಾಡಿ, ಒಳಗೆ ಮದ್ದು ಇರಬಹುದು ಅಂತ ಹೇಳಿ ಅವರನ್ನೇ ಕರೆಸು. ಅಲ್ಲಿಯವರೆಗೆ ಆ ಕೋಣೆಗೆ ಬೀಗ ಹಾಕು, ದೀಪ, ಊದುಬತ್ತಿ, ಬೀಡಿ ಹತ್ತಿರ ಬರಬಾರದು. ಅವರು ತಗೊಂಡು ಹೋಗುವಾಗ ರಸೀದಿ ಇಸಿದುಕೋ. ಅದರಲ್ಲಿ ‘ಟವರ್, 1859’ ಅಂತ ಬರೆಸುವುದು ಮರೆಯಬೇಡ.