ಲೆಬನಾನಿನವರನ್ನು ಗಟ್ಟಿ ಜನ ಅಂದರೆ ಸಿಟ್ಟೇಕೆ?

ಪ್ರಶ್ನೆ: ದುಬೈ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವರು ಲೆಬನಾನಿನವರು. "ಏನೇ ಆದರೂ ಎದ್ದು ನಿಲ್ತೀರಿ, ನಿಮ್ಮ ಜನ ಗಟ್ಟಿ" ಅಂತ ಹೊಗಳಿದೆ. ಮುಖ ಗಂಟಿಕ್ಕಿದರು. ಯಾಕಿರಬಹುದು? 18 ಧಾರ್ಮಿಕ ಪಂಗಡಗಳಿರುವ ದೇಶದಲ್ಲಿ ಎಲ್ಲರನ್ನೂ ಹಿಡಿದಿಟ್ಟಿರುವುದಾದರೂ ಏನು?

ಉತ್ತರ 1: ಸಿಟ್ಟು ನಿಮ್ಮ ಮೇಲಲ್ಲ, ಬಿಡಿ. ನಾನು ಬೈರೂತ್‌ನಲ್ಲಿ ಕೆಲಸಕ್ಕಿದ್ದೆ. 2020ರ ಆಗಸ್ಟ್ 4ರಂದು ಬಂದರು ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು. 2,750 ಟನ್ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿತ್ತು. ಮರುದಿನ ಜೆಮ್ಮೆಝೆ, ಮಾರ್ ಮಿಖಾಯೆಲ್ ಬೀದಿಗಳಲ್ಲಿ ಹುಡುಗ ಹುಡುಗಿಯರು ಪೊರಕೆ ಹಿಡಿದು ಗಾಜು ಗುಡಿಸಿದರು. ಟಿವಿಯವರು ಕೊಂಡಾಡಿದ್ದೇ ಕೊಂಡಾಡಿದ್ದು. ನಮ್ಮ ಮನೆ ಓನರ್ ಅಜ್ಜಿ ಟಿವಿ ಆಫ್ ಮಾಡಿ, "ಗುಡಿಸಬೇಕಾದವರು ಎಲ್ಲಿ?" ಅಂದರು. ಜನ ಸಹಿಸ್ತಾರೆ ಅಂತ ಗೊತ್ತಾದರೆ ಯಾರೂ ಉತ್ತರ ಕೊಡಬೇಕಿಲ್ಲ, ಅಲ್ವಾ?

ದುಡ್ಡಿನ ಕಥೆಯೂ ಅಷ್ಟೇ. 1997ರಿಂದ ಡಾಲರಿಗೆ ಸುಮಾರು 1,500 ಲಿರಾ. 2023ರಲ್ಲಿ ಲಕ್ಷ ದಾಟಿತು, ಆಮೇಲೆ 89,500ರ ಸುತ್ತ ನಿಂತಿತು. ಬ್ಯಾಂಕಿನವರು ತೆಗೆಯಲು ಬಿಡದೆ ಅಜ್ಜಿಯ ಉಳಿತಾಯ ಅಲ್ಲೇ ಸಿಕ್ಕಿಕೊಂಡಿತ್ತು. ಮಗ ಹೊರದೇಶದಿಂದ ಕಳಿಸುವ 'ಫ್ರೆಶ್ ಡಾಲರ್', ಅಂದರೆ ಕೈಗೆ ಸಿಗುವ ಹೊಸ ಡಾಲರ್‌ನಲ್ಲೇ ಔಷಧಿ, ಅದರಲ್ಲೇ ಗಲ್ಲಿ ಜನರೇಟರ್‌ನವನಿಗೆ ಕಟ್ಟುವ 'ಇಶ್ತಿರಾಕ್' (ಚಂದಾ) ಬಿಲ್ಲು. ಸರ್ಕಾರಿ ಕರೆಂಟು ಬಂದರೆ ಬಂತು. ಇದನ್ನು ಛಲ ಅಂದರೆ ಅವರಿಗೆ ಉರಿಯುತ್ತೆ. ಬೇರೆ ದಾರಿ ಇರಲಿಲ್ಲ, ಅಷ್ಟೇ.

ಉತ್ತರ 2: ಪಂಗಡದ ವಿಷಯಕ್ಕೆ ಬರ್ತೀನಿ. ಅಧ್ಯಕ್ಷ ಮಾರೊನೈಟ್ ಕ್ರೈಸ್ತ, ಪ್ರಧಾನಿ ಸುನ್ನಿ, ಸ್ಪೀಕರ್ ಶಿಯಾ ಅನ್ನುವುದು 1943ರಿಂದ ಬಂದ ಪದ್ಧತಿ. ಜನಗಣತಿ ಮಾತ್ರ 1932ರ ನಂತರ ಆಗಿಲ್ಲ! ಎಣಿಸಿದರೆ ಅಧಿಕಾರದ ಪಾಲು ಬದಲಾಗುತ್ತೆ ಅನ್ನೋ ಭಯ. ಆದರೆ 2019ರ ಅಕ್ಟೋಬರ್‌ನ ಪ್ರತಿಭಟನೆಯಲ್ಲಿ ಜನ ಉತ್ತರದ ಟ್ರಿಪೋಲಿಯಿಂದ ದಕ್ಷಿಣದ ಟೈರ್‌ವರೆಗೆ ಕೈ ಕೈ ಹಿಡಿದು ನಿಂತರು. ಎಲ್ಲ ಪಂಗಡದವರೂ ತಮ್ಮ ನಾಯಕರನ್ನೂ ಸೇರಿಸಿ 'ಕಿಲ್ಲುನ್ ಯಾನಿ ಕಿಲ್ಲುನ್', ಅಂದರೆ ಎಲ್ಲರೂ ಅಂದರೆ ಎಲ್ಲರೂ ತೊಲಗಿ ಅಂದರು.

ಹೊರದೇಶದಲ್ಲಿ ನೆಲೆಸಿದ ಲೆಬನಾನಿನವರ ನಂಟೂ ಕಡಿಮೆಯಿಲ್ಲ. 2018ರಿಂದ ವಿದೇಶದಲ್ಲೇ ವೋಟು ಹಾಕ್ತಾರೆ. ನನಗೆ ಜಾಸ್ತಿ ಕಸಿವಿಸಿ ಆಗೋದು 1925ರ ಪೌರತ್ವದ ನಿಯಮ. ಬ್ರೆಜಿಲ್‌ನಲ್ಲಿ ಹುಟ್ಟಿದವನಿಗೂ ಅಪ್ಪನ ಕಡೆಯಿಂದ ಪೌರತ್ವ ಸಿಗಬಹುದು. ಬೈರೂತ್‌ನಲ್ಲೇ ಬೆಳೆದ ಹೆಣ್ಣುಮಗಳು ವಿದೇಶಿಯನ್ನು ಮದುವೆಯಾದರೆ ಅವಳ ಮಕ್ಕಳಿಗೆ ಇಲ್ಲ.

ಪ್ರಶ್ನೆ ಕೇಳಿದವರು: ಓಹ್, ನನ್ನ ಪಕ್ಕದ ಸೀಟಿನವರ ತಂಗಿಯ ಗಂಡ ಸಿರಿಯಾದವರು. ಮಕ್ಕಳ ರೆಸಿಡೆನ್ಸಿ ಕಾಗದಕ್ಕೆ ತಂಗಿ ಓಡಾಡ್ತಿದ್ದಾಳೆ ಅಂತ ಫೋನಿನಲ್ಲಿ ಕೂಗಾಡ್ತಿದ್ದರು. ನಾನು ಹೊಗಳಿದ್ದು ಆ ಫೋನ್ ಇಟ್ಟ ಕೂಡಲೇ.